ಕುಡಿತ ಕಾಯಿಲೆಯೋ ಅಲ್ಲವೋ, ಒಮ್ಮೆ ಬರೆದು ತಿಳಿಸಿ

ಇವರಿಗೆ,
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು, ಕರ್ನಾಟಕ ಸರ್ಕಾರ, ಬೆಂಗಳೂರು
ಮಾನ್ಯ ಅಧ್ಯಕ್ಷರು, ಭಾರತೀಯ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರ, ಹೈದರಾಬಾದ್

ವಿಷಯ: ಮದ್ಯ ಮತ್ತು ಮಾದಕ ವ್ಯಸನದ ಚಿಕಿತ್ಸೆಯ ವೆಚ್ಚವನ್ನು ವಿಮಾ ಕಂಪನಿಗಳೂ ಸರ್ಕಾರಿ ಯೋಜನೆಗಳೂ ಭರಿಸದಿರುವ ಕುರಿತು.

ಮಾನ್ಯರೇ,

ಒಂದೇ ಪತ್ರವನ್ನು ಇಬ್ಬರಿಗೂ ಬರೆಯುತ್ತಿರುವುದಕ್ಕೆ ಕಾರಣವಿದೆ. ವಿಮಾ ಕಂಪನಿಯವರನ್ನು ಕೇಳಿದರೆ ಸರ್ಕಾರಿ ಯೋಜನೆಯತ್ತ ಕೈ ತೋರಿಸುತ್ತಾರೆ. ಯೋಜನೆಯ ಕೌಂಟರಿನಲ್ಲಿ ಕೇಳಿದರೆ ಖಾಸಗಿ ವಿಮೆ ಇದೆಯೇ ನೋಡಿ ಎನ್ನುತ್ತಾರೆ. ನಡುವೆ ನಿಂತ ಕುಟುಂಬಕ್ಕೆ ಉತ್ತರ ಕೊಡುವ ಕೆಲಸ ನನ್ನಂಥವರ ಪಾಲಿಗೆ ಬರುತ್ತದೆ.

ನಾನು ದಾವಣಗೆರೆಯ ಖಾಸಗಿ ಆಸ್ಪತ್ರೆಯೊಂದರ ವಿಮಾ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಕ್ಯಾಷ್‌ಲೆಸ್ ಅರ್ಜಿ ತುಂಬಿ, ವಿಮಾ ಕಂಪನಿಯ ಪರವಾಗಿ ಕ್ಲೇಮ್ ಪರಿಶೀಲಿಸುವ ಟಿಪಿಎ ಸಂಸ್ಥೆಗೆ ಕಳುಹಿಸುವುದು, ಅವರು ಎತ್ತುವ ಪ್ರಶ್ನೆಗಳಿಗೆ ವೈದ್ಯರಿಂದ ಉತ್ತರ ಬರೆಸುವುದು, ಮಂಜೂರಾತಿ ಬಂದರೆ ರೋಗಿಯ ಕಡೆಯವರಿಗೆ ತಿಳಿಸುವುದು, ಬಾರದಿದ್ದರೂ ತಿಳಿಸುವುದು ನನ್ನ ಕೆಲಸ. ಈ ಕೊನೆಯದಕ್ಕೆ ಎಷ್ಟು ಸಂಬಳ ಕೊಟ್ಟರೂ ಸಾಲದು. ಹೃದಯ, ಮೂತ್ರಪಿಂಡ, ಹೆರಿಗೆ, ಅಪಘಾತ ಎಲ್ಲಕ್ಕೂ ಒಂದಲ್ಲ ಒಂದು ದಾರಿ ಹುಡುಕುತ್ತೇವೆ. ಅರ್ಜಿಯ ‘ರೋಗನಿರ್ಣಯ’ ಎಂಬ ಸಾಲಿನಲ್ಲಿ ವೈದ್ಯರು ‘ಆಲ್ಕೊಹಾಲ್’ ಎಂಬ ಪದ ಬರೆದರೋ, ಆ ಕಡತದ ಕಥೆ ಅಲ್ಲಿಗೇ ಮುಗಿಯುತ್ತದೆ.

ಒಂದು ಪ್ರಕರಣ ಹೇಳುತ್ತೇನೆ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ನಲವತ್ತರ ಆಸುಪಾಸಿನ ವ್ಯಕ್ತಿ, ಫೈನಾನ್ಸ್ ಕಂಪನಿಯೊಂದರ ವಸೂಲಿ ವಿಭಾಗದಲ್ಲಿ ಕೆಲಸ, ಕಂಪನಿಯೇ ಮಾಡಿಸಿದ ಗುಂಪು ವಿಮೆ. ಹತ್ತು ವರ್ಷಗಳಿಂದ ದಿನವೂ ಕುಡಿಯುತ್ತಿದ್ದವರು ಆ ವರ್ಷ ಅಯ್ಯಪ್ಪ ಮಾಲೆ ಧರಿಸಿ ಒಂದೇ ದಿನಕ್ಕೆ ಕುಡಿತ ನಿಲ್ಲಿಸಿದ್ದರು. ಎರಡನೆಯ ದಿನ ಬೆಳಗಿನ ಜಾವ ಸ್ನಾನಕ್ಕೆಂದು ಎದ್ದವರಿಗೆ ಫಿಟ್ಸ್ ಬಂದು, ಬಚ್ಚಲುಮನೆಯಲ್ಲಿ ಬಿದ್ದು ತಲೆಗೆ ಪೆಟ್ಟಾಯಿತು. ಕಪ್ಪು ಪಂಚೆಯಲ್ಲೇ, ಕೊರಳಲ್ಲಿ ಮಾಲೆಯಿದ್ದ ಹಾಗೆಯೇ ಅವರನ್ನು ತುರ್ತು ವಿಭಾಗಕ್ಕೆ ಕರೆತಂದರು. ಇದರಲ್ಲಿ ವೈದ್ಯರಿಗೆ ಅಚ್ಚರಿಯೇನೂ ಇರಲಿಲ್ಲ. ವರ್ಷಗಟ್ಟಲೆ ಕುಡಿದ ದೇಹಕ್ಕೆ ಮದ್ಯ ಹಠಾತ್ತನೆ ನಿಂತರೆ ಒಂದೆರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಮೂರು ನಾಲ್ಕನೆಯ ದಿನಕ್ಕೆ ಬುದ್ಧಿಭ್ರಮಣೆಯಾಗಿ ಪ್ರಾಣಕ್ಕೂ ಸಂಚಕಾರ ಬರಬಹುದು. ಮಾಲೆ ಹಾಕುವ ಕಾಲದಲ್ಲಿ ಇಂಥ ರೋಗಿಗಳು ಬರುವುದು ನಮ್ಮ ಸಿಬ್ಬಂದಿಗೆ ಹೊಸತಲ್ಲ.

ಅವರನ್ನು ಐಸಿಯುಗೆ ದಾಖಲಿಸಿದರು, ತಲೆಯ ಸ್ಕ್ಯಾನ್ ಆಯಿತು. ನಾನು ಅರ್ಜಿ ಕಳುಹಿಸಿದೆ. ಮಧ್ಯಾಹ್ನದೊಳಗೆ ಉತ್ತರ ಬಂತು: ಮದ್ಯವ್ಯಸನ ಮತ್ತು ಅದರ ಪರಿಣಾಮಗಳಿಗೆ ಪಾಲಿಸಿಯಲ್ಲಿ ಅವಕಾಶವಿಲ್ಲ, ಎಕ್ಸ್‌ಕ್ಲೂಷನ್ 12ರ (ವಿಮೆಯಿಂದ ಹೊರಗಿಟ್ಟವುಗಳ ಪಟ್ಟಿಯ ಹನ್ನೆರಡನೆಯ ಅಂಶ) ಪ್ರಕಾರ ಅರ್ಜಿ ತಿರಸ್ಕೃತ. ಅವರ ಪತ್ನಿ ಆ ಕಾಗದವನ್ನು ಎರಡು ಸಲ ಓದಿ, “ಮೇಡಂ, ಇವರು ಕುಡಿದು ಬೀಳಲಿಲ್ಲ. ಕುಡಿಯೋದು ಬಿಟ್ಟು ಬಿದ್ದರು. ಇದನ್ನಾದರೂ ಅವರಿಗೆ ಬರೆಯಿರಿ” ಎಂದರು. ಬರೆದೆ. ಅದೇ ಉತ್ತರ ಮತ್ತೊಮ್ಮೆ ಬಂತು. ಬಿಲ್ಲು ಅರವತ್ತು ಸಾವಿರ ದಾಟಿತ್ತು. ನಮ್ಮ ಆಸ್ಪತ್ರೆಯ ಎದುರಿಗೆ ಚಿನ್ನದ ಮೇಲೆ ಸಾಲ ಕೊಡುವ ಎರಡು ಅಂಗಡಿಗಳಿವೆ. ಜಾಗ ಹುಡುಕಿಕೊಂಡೇ ಬಂದಿರಬೇಕು.

ಪ್ರಾಧಿಕಾರದ ಅಧ್ಯಕ್ಷರೇ, ಮೊದಲ ಪ್ರಶ್ನೆ ನಿಮಗೆ. ಸಂಸತ್ತು ಮಾಡಿದ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017 ಇದೆ. ಅದರ ಸೆಕ್ಷನ್ 2 ‘ಮಾನಸಿಕ ಕಾಯಿಲೆ’ಯನ್ನು ವಿವರಿಸುವಾಗ ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನೂ ಸ್ಪಷ್ಟವಾಗಿ ಸೇರಿಸುತ್ತದೆ. ಸೆಕ್ಷನ್ 21ರ ನಾಲ್ಕನೆಯ ಉಪಸೆಕ್ಷನ್ ಪ್ರಕಾರ, ದೈಹಿಕ ಕಾಯಿಲೆಗೆ ಯಾವ ಆಧಾರದ ಮೇಲೆ ವಿಮೆ ಕೊಡುತ್ತಾರೋ ಅದೇ ಆಧಾರದ ಮೇಲೆ ಮಾನಸಿಕ ಕಾಯಿಲೆಯ ಚಿಕಿತ್ಸೆಗೂ ಪ್ರತಿಯೊಂದು ವಿಮಾ ಕಂಪನಿ ವ್ಯವಸ್ಥೆ ಮಾಡಬೇಕು. ಕಾಯ್ದೆ 2018ರ ಮೇ 29ರಂದು ಜಾರಿಗೆ ಬಂತು. ಅದೇ ವರ್ಷದ ಆಗಸ್ಟ್‌ನಲ್ಲಿ ನಿಮ್ಮ ಪ್ರಾಧಿಕಾರವೇ ಕಂಪನಿಗಳಿಗೆ ಸುತ್ತೋಲೆ ಕಳುಹಿಸಿ ಈ ಉಪಸೆಕ್ಷನ್ ಪಾಲಿಸಿ ಎಂದು ಹೇಳಿತು. 2022ರ ಅಕ್ಟೋಬರ್‌ನಲ್ಲಿ ಇನ್ನೊಮ್ಮೆ ನೆನಪಿಸಿತು. ಇಲ್ಲಿಯವರೆಗೆ ಎಲ್ಲವೂ ಸರಿ.

ಆದರೆ ಈ ಎರಡು ಸುತ್ತೋಲೆಗಳ ನಡುವೆ, 2019ರ ಸೆಪ್ಟೆಂಬರ್‌ನಲ್ಲಿ, ಪಾಲಿಸಿಗಳಲ್ಲಿ ಏನೇನನ್ನು ಹೊರಗಿಡಬಹುದು ಎಂಬುದಕ್ಕೆ ದೇಶಕ್ಕೆಲ್ಲ ಒಂದೇ ಮಾದರಿಯ ಒಕ್ಕಣೆಯನ್ನು ನೀವೇ ಹೊರಡಿಸಿದಿರಿ. ಅದರ ಹನ್ನೆರಡನೆಯ ಕೋಡ್‌ನಲ್ಲಿ ಮದ್ಯವ್ಯಸನ, ಮಾದಕ ವಸ್ತುಗಳ ದುರ್ಬಳಕೆ ಅಥವಾ ಯಾವುದೇ ವ್ಯಸನದ ಚಿಕಿತ್ಸೆಯನ್ನೂ ಅದರ ಪರಿಣಾಮಗಳನ್ನೂ ಹೊರಗಿಡಲಾಗಿದೆ. ನೀವೇ ರೂಪಿಸಿದ ಆರೋಗ್ಯ ಸಂಜೀವಿನಿ ಪಾಲಿಸಿಯಲ್ಲೂ ಈ ಸಾಲು ಇದೆ. ಹಾಗಾದರೆ ನಾನು ಯಾವುದನ್ನು ನಂಬಬೇಕು? ಮೂಲ ಕಾಯ್ದೆ ಕಾಯಿಲೆ ಎಂದು ಕರೆದದ್ದನ್ನು ನಿಯಂತ್ರಣ ಪ್ರಾಧಿಕಾರದ ಮಾರ್ಗಸೂಚಿಯೊಂದು ಅಲ್ಲ ಎನ್ನಬಹುದೇ? 2021ರ ಏಪ್ರಿಲ್‌ನಲ್ಲಿ ದೆಹಲಿ ಹೈಕೋರ್ಟ್ ಮಾನಸಿಕ ಕಾಯಿಲೆಯ ಪ್ರಕರಣವೊಂದರಲ್ಲಿ, ಈ ಉಪಸೆಕ್ಷನ್ ಜಾರಿಗೆ ಬಂದ ದಿನದಿಂದಲೇ ವಿಮಾ ಕಂಪನಿಗಳು ಅದಕ್ಕೆ ಬದ್ಧವೆಂದು ತೀರ್ಪು ಕೊಟ್ಟಿದೆ. ಅದು ವ್ಯಸನದ ಪ್ರಕರಣವಾಗಿರಲಿಲ್ಲ, ನಿಜ. ಆದರೆ ಕಾಯ್ದೆಯ ಅದೇ ವ್ಯಾಖ್ಯೆಯ ಒಳಗೆ ವ್ಯಸನವೂ ಇದೆ. ಪ್ರತಿಯೊಬ್ಬ ರೋಗಿಯ ಹೆಂಡತಿಯೋ ತಂದೆಯೋ ಹೈಕೋರ್ಟಿನ ಮೆಟ್ಟಿಲು ಹತ್ತಿ ಇದನ್ನು ಸಾಬೀತುಪಡಿಸಲಿ ಎಂದು ನೀವು ಬಯಸುತ್ತೀರೆಂದು ನಾನು ಭಾವಿಸುವುದಿಲ್ಲ.

‘ಅದರ ಪರಿಣಾಮಗಳು’ ಎಂಬ ಎರಡು ಪದಗಳು ಮಾಡುತ್ತಿರುವ ಅನಾಹುತವನ್ನು ಹೈದರಾಬಾದಿನಲ್ಲಿ ಕುಳಿತು ನೋಡಲಾಗದು; ನಮ್ಮ ಮೇಜಿನ ಮುಂದೆ ಕುಳಿತರೆ ಕಾಣುತ್ತದೆ. ಯಕೃತ್ತಿನ ಸಿರೋಸಿಸ್, ಮೇದೋಜೀರಕ ಗ್ರಂಥಿಯ ಉರಿಯೂತ, ರಕ್ತ ವಾಂತಿ ಎಲ್ಲವೂ ಈ ಪದಗಳ ಬಾಯಿಗೆ ಬೀಳುತ್ತವೆ. ಹಾಗಾಗಿ ಜನ ಒಂದು ಉಪಾಯ ಕಲಿತಿದ್ದಾರೆ: ಸುಳ್ಳು ಹೇಳುವುದು. ದಾಖಲಾತಿಯ ಸಮಯದಲ್ಲಿ “ಕುಡಿಯುವ ಅಭ್ಯಾಸ ಇದೆಯೇ?” ಎಂದು ಡ್ಯೂಟಿ ಡಾಕ್ಟರ್ ಕೇಳಿದರೆ, ವಿಮೆ ಇರುವ ಮನೆಯವರು ಮೊದಲು ನನ್ನ ಮೇಜಿನ ಕಡೆ ನೋಡುತ್ತಾರೆ. ಆಮೇಲೆ “ಇಲ್ಲ ಸರ್, ಅಪರೂಪಕ್ಕೆ ಮದುವೆ ಗಿದುವೆಯಲ್ಲಿ” ಎನ್ನುತ್ತಾರೆ.

ಈ ಸುಳ್ಳಿಗೆ ಬೆಲೆ ತೆರುವವನು ರೋಗಿ. ತೊಡೆಯ ಮೂಳೆ ಮುರಿದು ಬಂದ ಒಬ್ಬರ ಮನೆಯವರು ಹೀಗೆಯೇ ಮುಚ್ಚಿಟ್ಟರು. ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆಯಿತು. ಮರುದಿನ ರಾತ್ರಿ ಅವರು ಕೈ ನಡುಗಿಸುತ್ತ, ಹೊದಿಕೆಯ ಮೇಲೆ ಇರುವೆಗಳು ಹರಿಯುತ್ತಿವೆ ಎನ್ನುತ್ತ, ಡ್ರಿಪ್ ಕಿತ್ತೆಸೆದು, ರಾಡ್ ಹಾಕಿದ ಕಾಲನ್ನೇ ನೆಲಕ್ಕೆ ಊರಲು ಹೋದರು. ಇಬ್ಬರು ವಾರ್ಡ್ ಬಾಯ್‌ಗಳು ಹಿಡಿದುಕೊಂಡರೂ ಆಗಲಿಲ್ಲ. ಮೊದಲೇ ಗೊತ್ತಿದ್ದಿದ್ದರೆ ದಾಖಲಾದ ದಿನವೇ ಥಯಾಮಿನ್ (ಬಿ1 ವಿಟಮಿನ್) ಇಂಜೆಕ್ಷನ್ ಕೊಟ್ಟು, ನಡುಕ ತಡೆಯುವ ಮಾತ್ರೆಗಳನ್ನು ಆರಂಭಿಸುತ್ತಿದ್ದೆವು ಎಂದು ವೈದ್ಯರು ಮನೆಯವರ ಮೇಲೆ ರೇಗಿದರು. ರೇಗುವುದು ಸುಲಭ. ನಿಜ ಹೇಳಿದರೆ ಲಕ್ಷ ರೂಪಾಯಿ ಕೈತಪ್ಪುತ್ತದೆ ಎಂದು ಅವರಿಗೆ ಕಲಿಸಿದವರು ಯಾರು? ರೋಗಿ ವೈದ್ಯರಿಗೆ ನಿಜ ಹೇಳಲು ಹೆದರುವಂತೆ ಮಾಡುವ ನಿಯಮ ಯಾರ ಹಿತಕ್ಕಾಗಿ ಇದೆಯೋ ನನಗಂತೂ ತಿಳಿಯದು.

ಕಂಪನಿಗಳ ವಾದವನ್ನೂ ನಾನು ಕೇಳಿದ್ದೇನೆ. ತಾನಾಗಿಯೇ ತಂದುಕೊಂಡ ಕಾಯಿಲೆಗೆ ಬೇರೆಯವರು ಕಟ್ಟಿದ ಪ್ರೀಮಿಯಂ ಯಾಕೆ ಖರ್ಚು ಮಾಡಬೇಕು ಎನ್ನುತ್ತಾರೆ. ಹಾಗೆ ನೋಡಿದರೆ, ವೈದ್ಯರು ಎಷ್ಟು ಹೇಳಿದರೂ ಸಿಹಿ ಬಿಡದ ಮಧುಮೇಹಿಯ ಕಾಲಿಗೆ ಗ್ಯಾಂಗ್ರೀನ್ ಆದಾಗ ಬಿಲ್ಲು ಪಾವತಿಯಾಗುವುದನ್ನು ನಾನೇ ಮಾಡಿಸಿದ್ದೇನೆ. ಯಾರೂ ಅವರ ಮನೆಯ ಸಕ್ಕರೆ ಡಬ್ಬಿ ತೆರೆದು ನೋಡಲಿಲ್ಲ. ಇನ್ನೊಂದು ವಾದದಲ್ಲಿ ಸ್ವಲ್ಪ ಹುರುಳಿದೆ: ವ್ಯಸನಿ ಮತ್ತೆ ಮತ್ತೆ ಬಂದು ದಾಖಲಾಗುತ್ತಾನೆ, ವೆಚ್ಚಕ್ಕೆ ಕೊನೆಯಿಲ್ಲ. ಅದಕ್ಕೆ ಮದ್ದು ನಿಮ್ಮ ಬಳಿಯೇ ಇದೆಯಲ್ಲ. ಮೊದಲೇ ಇದ್ದ ಕಾಯಿಲೆಗೆ ಕಾಯುವ ಅವಧಿ ಇಡುತ್ತೀರಿ, ಕಣ್ಣಿನ ಪೊರೆಗೆ ಮಿತಿ ಇಡುತ್ತೀರಿ, ಹಿರಿಯರಿಗೆ ಬಿಲ್ಲಿನ ಒಂದು ಪಾಲು ಕಟ್ಟಿಸುತ್ತೀರಿ. ಬೇರೆ ಕಾಯಿಲೆಗಳಿಗೆ ಒಪ್ಪುವ ಷರತ್ತುಗಳನ್ನು ಇದಕ್ಕೂ ಇಡಿ. ಬಾಗಿಲನ್ನೇ ಮುಚ್ಚುವ ಅಗತ್ಯವಿಲ್ಲ.

ಮಾನ್ಯ ಸಚಿವರೇ, ಇನ್ನು ನಿಮ್ಮ ಕಡೆಗೆ ಬರುತ್ತೇನೆ. ವಿಮೆಯೇ ಇಲ್ಲದವರ ಪಾಡು ಇದಕ್ಕಿಂತ ಸರಳ, ಇದಕ್ಕಿಂತ ಕಠಿಣ.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30ರಷ್ಟನ್ನು, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ, ಸರ್ಕಾರ ಭರಿಸುತ್ತದೆ. ಈ ಯೋಜನೆಯಿಂದ ಹೃದಯದ ಶಸ್ತ್ರಚಿಕಿತ್ಸೆಯಾಗಿ ಬದುಕಿದವರನ್ನು ಕಂಡಿದ್ದೇನೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ವ್ಯಸನದ ವಿಷಯಕ್ಕೆ ಬಂದರೆ ಅದು ಮೂಗಿಗೆ ತುಪ್ಪ ಸವರುತ್ತದೆ. ಪ್ಯಾಕೇಜ್‌ಗಳ ಪಟ್ಟಿಯಲ್ಲಿ ಮಾದಕ ವಸ್ತುಗಳಿಂದ ಬರುವ ಮಾನಸಿಕ ಸಮಸ್ಯೆಯ ಹೆಸರೇನೋ ಇದೆ. ಹೊರರೋಗಿ ಚಿಕಿತ್ಸೆ ಮತ್ತು ವ್ಯಸನಿಗಳ ಪುನರ್ವಸತಿ ಮಾತ್ರ ಯೋಜನೆಯಿಂದ ಹೊರಗಿಟ್ಟವುಗಳ ಪಟ್ಟಿಯಲ್ಲಿವೆ. ಅಂದರೆ ನಡುಕ ನಿಲ್ಲುವವರೆಗೆ ಹಾಸಿಗೆ, ಆಮೇಲೆ ನಿನ್ನ ದಾರಿ ನಿನಗೆ. ಕುಡಿತ ಬಿಡಿಸುವ ನಿಜವಾದ ಕೆಲಸ ಆರಂಭವಾಗುವುದು ನಡುಕ ನಿಂತ ಮೇಲೆ ಎಂಬುದು ಮನೋವೈದ್ಯರಿಗೆಲ್ಲ ಗೊತ್ತು. ತಿಂಗಳುಗಟ್ಟಲೆ ಮಾತ್ರೆ, ಆಪ್ತಸಮಾಲೋಚನೆ, ಮನೆಯವರನ್ನು ಕೂರಿಸಿಕೊಂಡು ಮಾತು, ಜಾರಿದರೆ ಮತ್ತೆ ಎತ್ತಿ ನಿಲ್ಲಿಸುವುದು ಇವೆಲ್ಲ ಹೊರರೋಗಿ ವಿಭಾಗದ ಕೆಲಸಗಳು. ಸರಿಯಾಗಿ ಅಲ್ಲಿಂದಲೇ ಯೋಜನೆ ಕೈ ತೊಳೆದುಕೊಳ್ಳುತ್ತದೆ.

ಸರ್ಕಾರಿ ವ್ಯವಸ್ಥೆಯಲ್ಲಿ ಏನೂ ಇಲ್ಲವೆಂದು ನಾನು ಹೇಳುತ್ತಿಲ್ಲ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶಕ್ಕೆಲ್ಲ ಹಬ್ಬಿದ್ದು ನಿಮ್ಹಾನ್ಸ್ ನಮ್ಮದೇ ಬಳ್ಳಾರಿಯಲ್ಲಿ ರೂಪಿಸಿದ ಮಾದರಿಯಿಂದ. ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರನ್ನು ಕಳುಹಿಸುವ ಮನೋಚೈತನ್ಯ ಕಾರ್ಯಕ್ರಮವೂ ನಮ್ಮ ರಾಜ್ಯದ ಹೆಮ್ಮೆಯೇ. ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರ, ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಕಡಿಮೆ ಖರ್ಚಿನಲ್ಲಿ ಒಳ್ಳೆಯ ಚಿಕಿತ್ಸೆ ಕೊಡುತ್ತವೆ. ಆದರೆ ನಮ್ಮ ಮಂಡಕ್ಕಿ ಭಟ್ಟಿಯಲ್ಲಿ ದಿನಗೂಲಿಗೆ ದುಡಿಯುವವನು ಪ್ರತಿ ತಿಂಗಳ ತಪಾಸಣೆಗೆ ಧಾರವಾಡಕ್ಕೋ ಬೆಂಗಳೂರಿಗೋ ಹೋಗಬೇಕೆಂದರೆ ಎರಡು ದಿನದ ಕೂಲಿ, ಇಬ್ಬರ ಬಸ್ ಚಾರ್ಜು ಹೋಗುತ್ತದೆ. ಜೊತೆಗೆ ಯಾರಾದರೂ ಹೋಗಲೇಬೇಕು. ಒಬ್ಬನನ್ನೇ ಕಳುಹಿಸಿದರೆ ಬಸ್ ನಿಲ್ದಾಣದಾಚೆಗಿನ ಅಂಗಡಿ ದಾಟುವುದಿಲ್ಲ ಎಂದು ಹೆಂಡತಿಗೆ ಗೊತ್ತು. ಚಿಕಿತ್ಸೆ ಉಚಿತವಾದರೂ ಚಿಕಿತ್ಸೆಯ ಬಳಿ ಹೋಗುವುದು ಉಚಿತವಲ್ಲ. ಕುಡಿಯುವ ಹಂಬಲ ತಗ್ಗಿಸುವ ಅಕಾಂಪ್ರೊಸೇಟ್, ನಾಲ್ಟ್ರೆಕ್ಸೋನ್ ಮಾತ್ರೆಗಳನ್ನು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿದೆ. ನಮ್ಮ ಕಡೆ ಅವನ್ನು ಚೀಟಿಯಲ್ಲಿ ಬರೆದು “ಹೊರಗಿನಿಂದ ತನ್ನಿ” ಎನ್ನುವುದನ್ನು ಕಂಡಿದ್ದೇನೆ. ಮೊದಲ ತಿಂಗಳು ತರುತ್ತಾರೆ. ಎರಡನೆಯ ತಿಂಗಳು ಅರ್ಧ ತರುತ್ತಾರೆ.

ಹೀಗೆ ಎಲ್ಲ ಕಡೆಯೂ ದಾರಿ ಮುಚ್ಚಿದವರು ಹೋಗುವುದು ಊರಾಚೆಯ ಬಾಡಿಗೆ ಕಟ್ಟಡಗಳಲ್ಲಿರುವ ಖಾಸಗಿ ವ್ಯಸನಮುಕ್ತಿ ಕೇಂದ್ರಗಳಿಗೆ. ಎಲ್ಲವೂ ಕೆಟ್ಟವಲ್ಲ, ಪ್ರಾಮಾಣಿಕವಾಗಿ ನಡೆಸುವವರನ್ನೂ ಬಲ್ಲೆ. ಆದರೆ ನನ್ನ ಪರಿಚಯದ ನಿವೃತ್ತ ಶಿಕ್ಷಕರೊಬ್ಬರು ಮಗನನ್ನು ಸೇರಿಸಿದ ಕೇಂದ್ರ ಪ್ರತಿ ತಿಂಗಳು ಮುಂಗಡವಾಗಿ ನಗದು ಕಟ್ಟಿಸಿಕೊಂಡಿತು. ರಸೀದಿ ಕೇಳಿದಾಗ ಒಂದು ಟ್ರಸ್ಟಿನ ಹೆಸರಿನಲ್ಲಿ ‘ದೇಣಿಗೆ’ ಎಂದು ಬರೆದ ಚೀಟಿ ಕೊಟ್ಟಿತು. ಅದರ ಮೇಲೆ ನೋಂದಣಿ ಸಂಖ್ಯೆಯಿಲ್ಲ, ವೈದ್ಯರ ಹೆಸರಿಲ್ಲ. ಮೂರನೆಯ ತಿಂಗಳು ಹಣ ತಡವಾದಾಗ ಮಗನೊಡನೆ ಫೋನಿನಲ್ಲಿ ಮಾತನಾಡಲು ಬಿಡಲಿಲ್ಲ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಸೆಕ್ಷನ್ 65ರ ಪ್ರಕಾರ ಇಂಥ ಯಾವ ಕೇಂದ್ರವೂ ನೋಂದಣಿಯಿಲ್ಲದೆ ನಡೆಯುವಂತಿಲ್ಲ. ಸೆಕ್ಷನ್ 95 ರೋಗಿಯನ್ನು ಸರಪಳಿಯಲ್ಲಿ ಕಟ್ಟುವುದನ್ನು ಸಂಪೂರ್ಣವಾಗಿ ನಿಷೇಧಿಸಿದೆ. ಪಿಂಚಣಿಯ ಹಣ ಕೊಟ್ಟು ಮಗನನ್ನು ಒಪ್ಪಿಸುವ ತಂದೆಗೆ, ತಾನು ಒಪ್ಪಿಸುತ್ತಿರುವುದು ಆಸ್ಪತ್ರೆಗೋ ಕೊಂಡವಾಡೆಗೋ ಎಂದು ತಿಳಿಯುವ ದಾರಿ ಯಾವುದು?

ಹಣವಿಲ್ಲ ಎಂಬ ಉತ್ತರವನ್ನು ಮಾತ್ರ ದಯವಿಟ್ಟು ಕೊಡಬೇಡಿ. 2025–26ರ ಬಜೆಟ್ಟಿನಲ್ಲಿ ಅಬಕಾರಿಯಿಂದ 40,000 ಕೋಟಿ ರೂಪಾಯಿ ವರಮಾನದ ಗುರಿಯನ್ನು ಸರ್ಕಾರವೇ ಇಟ್ಟುಕೊಂಡಿತ್ತು. ಮದ್ಯದ ಸಗಟು ವ್ಯಾಪಾರ ಸರ್ಕಾರದ ಪಾನೀಯ ನಿಗಮದ ಕೈಯಲ್ಲಿದೆ. ಎಂಎಸ್‌ಐಎಲ್ ಹೆಸರಿನಲ್ಲಿ ಸರ್ಕಾರ ಚಿಲ್ಲರೆ ಅಂಗಡಿಗಳನ್ನೂ ನಡೆಸುತ್ತದೆ. 2007ರಲ್ಲಿ ಸಾರಾಯಿ ನಿಂತಿತು, ಕುಡಿತ ನಿಲ್ಲಲಿಲ್ಲ. ಬಾಟಲಿಯ ಲೇಬಲ್ಲು ಬದಲಾಯಿತು, ಬೆಲೆ ಏರಿತು. ನಾನು ಪಾನನಿಷೇಧ ಕೇಳುತ್ತಿಲ್ಲ, ಅದು ಬೇರೆಯೇ ಚರ್ಚೆ. ಆದರೆ ಮಾರುವವನಿಗೆ, ತೆರಿಗೆ ಎತ್ತುವವನಿಗೆ, ಕಾಯಿಲೆಯಾದಾಗ ನೋಡಿಕೊಳ್ಳುವ ಹೊಣೆಯೂ ಇದೆ ಎಂದು ನೆನಪಿಸುವುದು ತಪ್ಪಲ್ಲ ಎಂದುಕೊಂಡಿದ್ದೇನೆ. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯ ಏಮ್ಸ್ ಮೂಲಕ ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಮದ್ಯದ ಸಮಸ್ಯೆಗೆ ನೆರವು ಬೇಕಾದವರು 5.7 ಕೋಟಿ ಜನ. ಮದ್ಯಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ಚಿಕಿತ್ಸೆ ಸಿಕ್ಕಿದೆ. ಆಸ್ಪತ್ರೆಯಲ್ಲಿ ದಾಖಲಾಗಿ ಚಿಕಿತ್ಸೆ ಪಡೆದವರು 180ರಲ್ಲಿ ಒಬ್ಬರು. ನನ್ನ ಮೇಜಿನವರೆಗೆ ಬಂದು ‘ಇಲ್ಲ’ ಎನಿಸಿಕೊಳ್ಳುವವರು ಆ ಮಟ್ಟಿಗೆ ಪುಣ್ಯವಂತರೇ ಇರಬೇಕು.

ಅದೇ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಸೆಕ್ಷನ್ 18ನ್ನು ನಿಮ್ಮ ಇಲಾಖೆಯ ಅಧಿಕಾರಿಗಳಿಂದ ಒಮ್ಮೆ ಓದಿಸಿ ಎಂದು ಕೋರುತ್ತೇನೆ. ಬಡತನ ರೇಖೆಯ ಕೆಳಗಿನವರಿಗೆ, ಅವರ ಕೈಯಲ್ಲಿ ಕಾರ್ಡ್ ಇರಲಿ ಬಿಡಲಿ, ಸರ್ಕಾರಿ ಕೇಂದ್ರಗಳಲ್ಲಿ ಮಾನಸಿಕ ಕಾಯಿಲೆಯ ಚಿಕಿತ್ಸೆ ಉಚಿತವಾಗಿರಬೇಕು ಎನ್ನುತ್ತದೆ ಅದು. ಕಾಯ್ದೆ ಹೇಳಿದ ಕನಿಷ್ಠ ಸೇವೆಗಳು ಜಿಲ್ಲೆಯಲ್ಲಿ ಇಲ್ಲದಿದ್ದರೆ ರೋಗಿ ಅದೇ ಜಿಲ್ಲೆಯ ಬೇರೆ ಕೇಂದ್ರದಲ್ಲಿ ಚಿಕಿತ್ಸೆ ಪಡೆಯಬಹುದು, ಅದರ ವೆಚ್ಚವನ್ನು ಸರ್ಕಾರವೇ ಭರಿಸಬೇಕು ಎಂದೂ ಹೇಳುತ್ತದೆ. ಇಂಥ ಮರುಪಾವತಿಗೆ ಅರ್ಜಿ ಎಲ್ಲಿ ಕೊಡಬೇಕು, ಯಾವ ನಮೂನೆಯಲ್ಲಿ ಕೊಡಬೇಕು ಎಂದು ನಾನು ಕೇಳಿದ ಯಾವ ಕಚೇರಿಯಲ್ಲೂ ಯಾರೂ ಹೇಳಲಿಲ್ಲ. ಆ ನಮೂನೆಯನ್ನು ಮೊದಲು ಹೊರಡಿಸಿ. ಯೋಜನೆಯ ಪ್ಯಾಕೇಜನ್ನು ಹಾಸಿಗೆಯ ದಿನಗಳಿಗೆ ಸೀಮಿತಗೊಳಿಸದೆ, ಮುಂದಿನ ತಿಂಗಳುಗಳ ಮಾತ್ರೆ ಮತ್ತು ಆಪ್ತಸಮಾಲೋಚನೆಯನ್ನೂ ಅದರೊಳಗೆ ತನ್ನಿ. ಮಂಗಳವಾರದ ಕ್ಲಿನಿಕ್ಕಿಗೆ ಬಂದವನಿಗೆ ಮಾತ್ರೆ ಅಲ್ಲೇ ಸಿಗುವಂತಾಗಲಿ. ನೋಂದಾಯಿತ ವ್ಯಸನಮುಕ್ತಿ ಕೇಂದ್ರಗಳ ಹೆಸರು ಮತ್ತು ದರವನ್ನು ಪ್ರತಿ ತಾಲ್ಲೂಕು ಆಸ್ಪತ್ರೆಯ ಗೋಡೆಯ ಮೇಲೆ ಕನ್ನಡದಲ್ಲಿ ಬರೆಸಿ. ಇದಕ್ಕೆ ಬೇಕಾಗುವುದು ಒಂದು ಡಬ್ಬ ಬಣ್ಣ. ಅಬಕಾರಿ ವರಮಾನದ ಒಂದು ನಿಗದಿತ ಪಾಲನ್ನು ಈ ಚಿಕಿತ್ಸೆಗೆಂದೇ ಮೀಸಲಿಡುವಂತೆ ಹಣಕಾಸು ಇಲಾಖೆಗೆ ನೀವು ಬರೆಯಬಹುದು. ಎಷ್ಟು ಪಾಲು ಎಂಬುದನ್ನು ನಿಮಗೇ ಬಿಡುತ್ತೇನೆ.

ಪ್ರಾಧಿಕಾರದ ಅಧ್ಯಕ್ಷರಲ್ಲಿ ನನ್ನ ಕೋರಿಕೆ ಒಂದೇ, ಅದು ಹನ್ನೆರಡನೆಯ ಕೋಡ್ ಬಗ್ಗೆ. ಅದನ್ನು ತೆಗೆಯಿರಿ. ಪೂರ್ತಿ ತೆಗೆಯಲು ಸಮಯ ಬೇಕೆಂದರೆ ‘ಪರಿಣಾಮಗಳು’ ಎಂಬುದನ್ನಾದರೂ ಈಗಲೇ ತೆಗೆದು, ನೋಂದಾಯಿತ ಆಸ್ಪತ್ರೆಯಲ್ಲಿ ಪಡೆದ ವ್ಯಸನ ಚಿಕಿತ್ಸೆಗೆ ಸೆಕ್ಷನ್ 21 ಅನ್ವಯಿಸುತ್ತದೆ ಎಂದು ಸ್ಪಷ್ಟ ಮಾತಿನಲ್ಲಿ ಸುತ್ತೋಲೆ ಹೊರಡಿಸಿ. ಅನ್ವಯಿಸುವುದಿಲ್ಲ ಎಂಬುದೇ ನಿಮ್ಮ ನಿಲುವಾದರೆ ಅದನ್ನೂ ಕಾರಣಸಹಿತ ಬರೆಯಿರಿ. ಪ್ರಶ್ನಿಸುವವರಿಗೆ ಕೈಯಲ್ಲಿ ಒಂದು ಕಾಗದವಾದರೂ ಇರುತ್ತದೆ.

ಈ ಪತ್ರ ಓದುತ್ತಿರುವ, ಮನೆಯಲ್ಲಿ ಇದೇ ಸಂಕಟ ಇರುವವರಿಗೆ ಎರಡು ಮಾತು. ವೈದ್ಯರಿಗೆ ನಿಜ ಹೇಳಿ, ಎಷ್ಟು ಕುಡಿಯುತ್ತಾರೆ, ಕೊನೆಯ ಸಲ ಯಾವಾಗ ಕುಡಿದರು ಎಂಬುದೂ ಸೇರಿ. ವರ್ಷಗಟ್ಟಲೆ ದಿನವೂ ಕುಡಿದವರನ್ನು ಒಂದೇ ದಿನಕ್ಕೆ ನಿಲ್ಲಿಸಲು ಬಿಡದೆ ಮೊದಲು ವೈದ್ಯರಿಗೆ ತೋರಿಸಿ, ಮಾಲೆ ಹಾಕುವ ಮೊದಲೂ ಸಹ. ಕ್ಲೇಮ್ ತಿರಸ್ಕಾರವಾದರೆ ಕಾರಣವನ್ನು ಲಿಖಿತವಾಗಿ ಕೇಳಿ ಪಡೆಯಿರಿ. ಕಂಪನಿಯ ಕುಂದುಕೊರತೆ ವಿಭಾಗಕ್ಕೆ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಸೆಕ್ಷನ್ 21ರ ನಾಲ್ಕನೆಯ ಉಪಸೆಕ್ಷನ್ ಉಲ್ಲೇಖಿಸಿ ದೂರು ಕೊಡಿ. ಅಲ್ಲಿ ನ್ಯಾಯ ಸಿಗದಿದ್ದರೆ ವಿಮಾ ದೂರುಗಳನ್ನು ವಿಚಾರಿಸುವ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಹೋಗಿ. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಗೆದ್ದೇ ಗೆಲ್ಲುತ್ತೀರಿ ಎಂಬ ಭರವಸೆ ಕೊಡಲಾರೆ. ಮಾತನಾಡಲು ಯಾರಾದರೂ ಬೇಕೆನಿಸಿದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ವ್ಯಸನಮುಕ್ತಿ ಸಹಾಯವಾಣಿ 14446, ಎರಡೂ ಉಚಿತ.

ಮಾನ್ಯರೇ, ಮತ್ತೆ ಮಾಲೆ ಹಾಕುವ ಕಾಲ ಬರುತ್ತದೆ. ಅಷ್ಟರೊಳಗೆ ನಿಮ್ಮಿಬ್ಬರಲ್ಲಿ ಯಾರಾದರೊಬ್ಬರ ಲಿಖಿತ ಉತ್ತರ ಬಂದರೆ, ಅದು ಪರವಾಗಿರಲಿ ವಿರುದ್ಧವಾಗಿರಲಿ, ನನ್ನ ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡು ಕೇಳಿದವರಿಗೆಲ್ಲ ತೋರಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಖಾಸಗಿ ಆಸ್ಪತ್ರೆಯೊಂದರ ವಿಮಾ ವಿಭಾಗದ ಸಹಾಯಕಿ
ದಾವಣಗೆರೆ